ಉಪ್ಪು ತಿಂದ ಗಾಡಿ

ದಿಂಬಂ ಘಾಟಿ ಹತ್ತುವ ಗಾಡಿಗಳನ್ನು ಎದುರಿನಿಂದ ನೋಡಿದರೆ ಒಂದಕ್ಕೂ ಏನೂ ಕಮ್ಮಿ ಇಲ್ಲ. ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಸರ, ಗಾಜಿನ ಮೇಲೆ ಮಾದಪ್ಪನದೋ ಬಣ್ಣಾರಿ ಅಮ್ಮನದೋ ಪಟ, ಹಿಂದೆ ಮಕ್ಕಳ ಹೆಸರು. ಆಯುಧಪೂಜೆ ದಿನ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು ಮಂಗಳಾರತಿ ಎತ್ತುತ್ತೀವಿ. ಆದರೆ ಮಂಡಿಯೂರಿ ಬಗ್ಗಿ, ಗಾಡಿಯ ಹೊಟ್ಟೆ ಕೆಳಗೆ ಏನಾಗಿದೆ ಅಂತ ನೋಡುವವರು ಬಹಳ ಕಮ್ಮಿ. ಗಾಡಿಗೆ ಮುಪ್ಪು ಬರುವುದು ಕೆಳಗಿನಿಂದ. ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ, ಮೇಲಿನ ಬಣ್ಣ ಹೊಳೆಯುತ್ತಿರುತ್ತದೆ, ಅಷ್ಟು ಹೊತ್ತಿಗೆ ಕೆಳಗಿನ ಚಾಸಿ ಹಪ್ಪಳದ ಹಾಗೆ ಆಗಿಹೋಗಿರುತ್ತದೆ.

ಆ ತುಕ್ಕಿನ ವಿಚಾರವಾಗಿ ನಾಲ್ಕು ಮಾತು ಬರೆಯೋಣ ಅಂತ ಕೂತಿದ್ದೇನೆ. ಗಾಡಿ ತುಕ್ಕು ಹಿಡಿಯಿತು ಅಂದರೆ ನಾವೆಲ್ಲ ಮಳೆಯನ್ನು ಬಯ್ಯುತ್ತೇವೆ. ಮಳೆಯದೂ ತಪ್ಪಿದೆ, ಇಲ್ಲ ಅನ್ನೋದಿಲ್ಲ. ಆದರೆ ಮಳೆಗೆ ಒಬ್ಬ ಜೊತೆಗಾರನಿದ್ದಾನೆ, ಅವನನ್ನು ಯಾರೂ ಗಮನಿಸುವುದಿಲ್ಲ. ಅವನೇ ಉಪ್ಪು.

ಇದು ನನ್ನ ತಲೆಗೆ ಬಂದದ್ದು ನಮ್ಮ ಕಡೆಯ ಹುಡುಗನೊಬ್ಬನ ಮಾತಿನಿಂದ. ಅವನು ಕೆನಡಾ ದೇಶದಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಜಗಲಿ ಮೇಲೆ ಕೂತು ಹೇಳಿದ: "ದೊಡ್ಡಪ್ಪ, ಅಲ್ಲಿ ಹಳೇ ಕಾರು ತಗೋವಾಗ ಮೊದಲು ಎಂಜಿನ್ ನೋಡಲ್ಲ. ಕೆಳಗಡೆ ಎಷ್ಟು ತುಕ್ಕದ ಅಂತ ನೋಡ್ತಾರ." ಯಾಕಪ್ಪಾ ಅಂದರೆ, ಚಳಿಗಾಲದಲ್ಲಿ ಅಲ್ಲಿನ ರಸ್ತೆ ಮೇಲೆ ಹಿಮ ಬಿದ್ದು ಕಲ್ಲಿನ ಹಾಗೆ ಗಟ್ಟಿಯಾಗುತ್ತದಂತೆ. ಗಾಡಿ ಜಾರುತ್ತದೆ. ಅದಕ್ಕೆ ಲಾರಿಯಲ್ಲಿ ಉಪ್ಪು ತುಂಬಿಕೊಂಡು ಬಂದು ರಸ್ತೆ ಉದ್ದಕ್ಕೂ ಎರಚುತ್ತಾರೆ. ಸಪ್ಪೆ ನೀರು ಸೊನ್ನೆ ಡಿಗ್ರಿಗೆ ಗಡ್ಡೆ ಕಟ್ಟುತ್ತದೆ, ಉಪ್ಪು ಬೆರೆತ ನೀರು ಅಷ್ಟು ಬೇಗ ಕಟ್ಟುವುದಿಲ್ಲ. ಚೆನ್ನಾಗಿ ಉಪ್ಪು ಬೆರೆಸಿದ ನೀರು ಸೊನ್ನೆಗಿಂತ 21 ಡಿಗ್ರಿ ಕೆಳಗೆ ಹೋದರೂ ನೀರಾಗಿಯೇ ಇರಬಲ್ಲದು. ಜಾತ್ರೆಯಲ್ಲಿ ಕುಲ್ಫಿ ಮಾರುವವನು ಐಸಿನ ಮೇಲೆ ಕಲ್ಲುಪ್ಪು ಸುರಿಯುತ್ತಾನಲ್ಲ, ಅದೇ ಲೆಕ್ಕ. ತೀರಾ ಚಳಿ ಇದ್ದ ಕಡೆ ಅಡುಗೆ ಉಪ್ಪು ಸಾಲದು ಅಂತ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಅನ್ನುವ ಬೇರೆ ಜಾತಿ ಉಪ್ಪುಗಳನ್ನೂ ಹಾಕುತ್ತಾರೆ.

ರಸ್ತೆಯೇನೋ ಜಾರುವುದು ನಿಂತಿತು. ಆದರೆ ಕರಗಿದ ಆ ಉಪ್ಪುನೀರು ಚಕ್ರದಿಂದ ಚಿಮ್ಮಿ ಗಾಡಿಯ ತಳಕ್ಕೆಲ್ಲ ಬಳಿದುಕೊಳ್ಳುತ್ತದೆ. ಆ ದೇಶದಲ್ಲಿ ಮೂಸ್ ಅಂತ ಕಡವೆ ಜಾತಿಯ ದೊಡ್ಡ ಪ್ರಾಣಿ ಉಂಟು. ಉಪ್ಪಿನ ಆಸೆಗೆ ಅದು ನಿಂತ ಗಾಡಿಗಳನ್ನು ನೆಕ್ಕುತ್ತದೆ. ಜಾಸ್ಪರ್ ಅನ್ನುವ ಕಾಡಿನ ರಸ್ತೆಯಲ್ಲಿ 2020ರಲ್ಲಿ "ಮೂಸ್‌ಗೆ ಗಾಡಿ ನೆಕ್ಕಲು ಬಿಡಬೇಡಿ" ಅಂತ ಬೋರ್ಡನ್ನೇ ನಿಲ್ಲಿಸಿದರು. ಅಂದಮೇಲೆ ಒಂದೊಂದು ಗಾಡಿ ಎಷ್ಟು ಉಪ್ಪು ಹೊತ್ತುಕೊಂಡಿರಬೇಕು, ನೀವೇ ಲೆಕ್ಕ ಹಾಕಿ.

ನಮ್ಮ ದಿಂಬದಲ್ಲಿ ಹಿಮ ಬೀಳುವುದಿಲ್ಲ, ಮಂಜು ಕವಿಯುತ್ತದೆ ಅಷ್ಟೆ. ರಸ್ತೆಗೆ ಉಪ್ಪನ್ನೂ ಯಾರೂ ಹಾಕುವುದಿಲ್ಲ. ಹಾಗಾದರೆ ನಮಗೆ ಈ ಕತೆ ಯಾಕೆ? ರಸ್ತೆಯಲ್ಲಿ ಇಲ್ಲದ ಉಪ್ಪನ್ನು ನಾವು ಗಾಡಿಯೊಳಗೇ ತುಂಬಿಕೊಂಡು ಓಡಾಡುತ್ತೇವೆ, ಅದಕ್ಕೆ.

ಪೊಟ್ಯಾಷ್ ಗೊಬ್ಬರ ತೆಗೆದುಕೊಳ್ಳಿ. ಅರಿಸಿನಕ್ಕೆ, ಬಾಳೆಗೆ, ಕಬ್ಬಿಗೆ, ಆಲೂಗಡ್ಡೆಗೆ ಎಲ್ಲಕ್ಕೂ ಹಾಕುತ್ತೇವೆ. ಚೀಲದ ಮೇಲೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂತ ಬರೆದಿರುತ್ತದೆ. ಅದರ ನಿಜವಾದ ಹೆಸರು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಎರಡೂ ಒಂದೇ ಮನೆಯ ಅಣ್ಣತಮ್ಮಂದಿರು. ಕಬ್ಬಿಣಕ್ಕೆ ಕೇಡು ಮಾಡುವ ಕ್ಲೋರೈಡ್ ಎರಡರಲ್ಲೂ ಉಂಟು. ಯೂರಿಯಾ, ಅಮೋನಿಯಂ ಸಲ್ಫೇಟ್ ಇವೂ ಗಾಳಿಯ ತೇವ ಎಳೆದುಕೊಂಡು ನೀರಾಡುತ್ತವೆ. ಚೀಲ ಎತ್ತುವಾಗ ಕೊಕ್ಕೆ ತಾಗಿ ಹರಿದರೆ ಪುಡಿ ಎಲ್ಲಿಗೆ ಹೋಗುತ್ತದೆ? ಹಲಗೆ ಸಂದಿಯಿಂದ ಇಳಿದು ಚಾಸಿ ಮೇಲೆ ಕೂರುತ್ತದೆ. ಇನ್ನು ಕೊಟ್ಟಿಗೆ ಗೊಬ್ಬರ, ಕೆಳನಾಡಿನಿಂದ ಬರುವ ಕೋಳಿ ಗೊಬ್ಬರ. ಅದರಲ್ಲಿ ದನದ ಗಂಜಲದ ಉಪ್ಪು, ಕೋಳಿ ಹಿಕ್ಕೆಯ ಖಾರ ಎಲ್ಲ ಸೇರಿರುತ್ತದೆ. ದನಕ್ಕೆ ಅಂತ ತರುವ ಕಲ್ಲುಪ್ಪಿನ ಮೂಟೆ ಬೇರೆ. ಮೀನಿನ ಗಾಡಿಯನ್ನಂತೂ ಕೇಳುವುದೇ ಬೇಡ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂನಷ್ಟು ಉಪ್ಪಿರುತ್ತದೆ. ಮೀನಿನ ಜೊತೆ ಆ ಉಪ್ಪೂ ಬಂದು ಐಸಿನ ನೀರಿಗೆ ಸೇರಿ ದಾರಿಯುದ್ದಕ್ಕೂ ಗಾಡಿಯ ತಳಕ್ಕೆ ಸೋರುತ್ತಾ ಬರುತ್ತದೆ.

ಇದಕ್ಕೆ ನಮ್ಮ ಮಂಜು ಸೇರಿಕೊಳ್ಳುತ್ತದೆ. ಒಣ ಉಪ್ಪು ಒಣ ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ. ಆದರೆ ಗಾಳಿಯ ತೇವ 100ಕ್ಕೆ 75 ದಾಟಿತು ಅಂದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗಲು ಶುರುವಾಗುತ್ತದೆ. ಮಳೆ ಬೇಕಾಗಿಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಮಡಕೆ ಬೆವರುವುದನ್ನು ಹೆಂಗಸರು ದಿನಾ ನೋಡುತ್ತಾರೆ. ಕಾರ್ತಿಕ ಕಳೆದು ಧನುರ್ಮಾಸ ಬಂತು ಅಂದರೆ ದಿಂಬದಲ್ಲಿ ಬೆಳಿಗ್ಗೆ ಹತ್ತು ಮಾರು ದೂರದ ಮರ ಕಾಣಿಸುವುದಿಲ್ಲ. ಕಾಡುಪ್ರಾಣಿಗಳ ಸಲುವಾಗಿ 2022ರ ಫೆಬ್ರವರಿಯಿಂದ ರಾತ್ರಿ ಹೊತ್ತು ಸರಕು ಗಾಡಿಗಳನ್ನು ಘಾಟಿಯಲ್ಲಿ ಬಿಡುವುದಿಲ್ಲ. ಆ ಕಟ್ಟಳೆ ಆನೆಗೆ, ಜಿಂಕೆಗೆ ಒಳ್ಳೆಯದೇ. ಆದರೆ ಮೇಲೆ ನಿಂತ ಗಾಡಿ ಇಡೀ ರಾತ್ರಿ ಮಂಜಿನಲ್ಲಿ ನೆನೆಯುತ್ತದೆ. ಹಗಲು ಮಳೆ ಬಂದರೆ ಗಾಡಿ ತೊಳೆದ ಹಾಗಾದರೂ ಆಗುತ್ತದೆ, ಮಂಜು ತೊಳೆಯುವುದಿಲ್ಲ. ಇದ್ದ ಉಪ್ಪನ್ನು ಒದ್ದೆ ಮಾಡಿ ಅಲ್ಲೇ ಬಿಡುತ್ತದೆ.

ಉಪ್ಪು ಯಾಕೆ ತುಕ್ಕನ್ನು ಜೋರು ಮಾಡುತ್ತದೆ ಅಂತ ನಾನು ನಮ್ಮೂರ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕಬ್ಬಿಣ, ನೀರು, ಗಾಳಿ ಈ ಮೂರೂ ಸೇರಿದರೆ ತುಕ್ಕು. ಒದ್ದೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬ್ಯಾಟರಿ ಓಡಿದ ಹಾಗೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಕರೆಂಟು ಹರಿಯುತ್ತದೆ. ಹಾಗೆ ಹರಿಯುತ್ತಾ ಕಬ್ಬಿಣ ಸವೆಯುತ್ತದೆ. ಸಪ್ಪೆ ನೀರಿನಲ್ಲಿ ಆ ಕರೆಂಟಿಗೆ ದಾರಿ ಕಷ್ಟ. ಉಪ್ಪುನೀರಿನಲ್ಲಿ ಹೆದ್ದಾರಿ ಸಿಕ್ಕಿದ ಹಾಗೆ ಓಡುತ್ತದೆ. ಮೇಲಾಗಿ ಕಬ್ಬಿಣದ ಮೇಲಿರುವ ತೆಳು ಪೊರೆಯನ್ನೂ ಕ್ಲೋರೈಡ್ ಅಲ್ಲಲ್ಲಿ ತೂತು ಮಾಡುತ್ತದೆ.

ಅವರು ಹೇಳುತ್ತಿದ್ದಾಗ ನನಗೆ ತಂಬೂರಿ ತಂತಿ ನೆನಪಾಯಿತು. ರಾತ್ರಿಯೆಲ್ಲ ಕತೆ ಹಾಡಿ ಬೆಳಿಗ್ಗೆ ತಂಬೂರಿಯನ್ನು ಹಾಗೇ ಮೂಲೆಗೆ ಒರಗಿಸಿದರೆ, ಬೆರಳು ಆಡಿದ ಜಾಗದಲ್ಲೇ ತಂತಿ ತುಕ್ಕು ಹಿಡಿಯುತ್ತದೆ. ಬೆರಳು ಮುಟ್ಟದ ಕಡೆ ತಂತಿ ಹೊಳೆಯುತ್ತಲೇ ಇರುತ್ತದೆ. ಬೆವರಿನ ಉಪ್ಪು! ಹಾಡು ಮುಗಿದ ಮೇಲೆ ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸು ಅಂತ ನಮಗೆ ಕಲಿಸಿದ ಹಿರಿಯರಿಗೆ ಕ್ಲೋರೈಡ್ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಕಂಸಾಳೆಯ ಕಂಚೂ ಕಿಲುಬು ಕಟ್ಟುತ್ತದೆ. ಆದರೆ ಕಂಚಿನ ಕಿಲುಬು ಗಟ್ಟಿಯಾಗಿ ಅಂಟಿ ಬಹುಮಟ್ಟಿಗೆ ಮೇಲೇ ನಿಲ್ಲುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಂಡು ಒಳಗೊಳಗೇ ಹೋಗುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗಕ್ಕೆ ಉಬ್ಬುತ್ತದೆ. ಸ್ಪ್ರಿಂಗ್ ಪಟ್ಟೆಗಳ ನಡುವೆ ತುಕ್ಕು ಬೆಳೆದರೆ ಪಟ್ಟೆಗಳನ್ನೇ ಬಿಡಿಸಿ ಎತ್ತುವಷ್ಟು ಬಲ ಅದಕ್ಕೆ.

"ಹಿಂದಿನ ಕಬ್ಬಿಣ ಹೀಗಿರಲಿಲ್ಲ, ದೆಹಲಿ ಕಂಬ ನೋಡಿ" ಅಂತ ನಮ್ಮ ಓದುವ ಮನೆಯಲ್ಲಿ ಒಬ್ಬರು ವಾದ ಮಾಡಿದರು. ಕುತುಬ್ ಮಿನಾರ್ ಪಕ್ಕದ ಆ ಕಂಬ ಸುಮಾರು 1600 ವರ್ಷದಿಂದ ನಿಂತಿದೆ, ನಿಜ. ಆ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದರಿಂದ ಮೇಲೆ ಒಂದು ಕಾಯುವ ಪೊರೆ ಬೆಳೆದಿದೆ. ನಮ್ಮ ಗಾಡಿಯ ತಗಡಿಗೆ ಆ ಭಾಗ್ಯ ಇಲ್ಲ. ಎತ್ತಿನ ಗಾಡಿಯ ಪಟ್ಟೆ ದಪ್ಪಗಿತ್ತು, ಬಯಲಿಗಿತ್ತು, ಒದ್ದೆಯಾದರೂ ಬೇಗ ಒಣಗುತ್ತಿತ್ತು. ಮೋಟಾರು ಗಾಡಿಯ ತಳದಲ್ಲಿ ತೆಳು ತಗಡು, ಮುಚ್ಚಿದ ಸಂದಿಗಳು, ಮಣ್ಣು ಕೂರುವ ಗೂಡುಗಳು. ಅಲ್ಲಿ ಒಂದು ಸಲ ಉಪ್ಪುಮಣ್ಣು ಕೂತರೆ ಬೇಸಿಗೆವರೆಗೂ ಒಣಗುವುದಿಲ್ಲ.

ಇದರಿಂದ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆಯವರೇ ಕಣ್ಣಾರೆ ಕಂಡರು. ನನ್ನ ಅಕ್ಕನ ಮಗ ಕೋಸು, ಚೆಂಡುಹೂವು ಸಾಗಿಸಲು ಹಳೆಯದೊಂದು ಚಿಕ್ಕ ಸರಕು ಗಾಡಿ ಕೊಂಡು ತಂದ. ಕರಾವಳಿ ಕಡೆ ಮೀನು ಹೊಡೆದ ಗಾಡಿ ಅದು. ಮೇಲೆ ಹೊಸ ಬಣ್ಣ. ಕೆಳಗೂ ಕಪ್ಪಗೆ ಹೊಳೆಯುವ ಡಾಂಬರಿನಂಥ ಬಣ್ಣ. "ನೋಡಿ ಮಾವ, ಕೆಳಗಡೆಗೂ ಹೊಡೆಸಿ ಕೊಟ್ಟವ್ರ" ಅಂತ ಅವನಿಗೆ ಸಂತೋಷ. ಮೊದಲ ಲೋಡು ಹಾಕಿಕೊಂಡು ಘಾಟಿ ಇಳಿಯುವುದಕ್ಕೆ ಮುಂಚೆ ಆಸನೂರಿನಲ್ಲಿ ಒಬ್ಬ ಹಳೇ ಮೆಕಾನಿಕ್‌ಗೆ ತೋರಿಸಿದೆವು. ಆತ ಕೆಳಗೆ ಮಲಗಿದವನೇ ಸ್ಪ್ಯಾನರ್ ತೆಗೆದು ಚಾಸಿಯನ್ನು ಮೆಲ್ಲಗೆ ತಟ್ಟುತ್ತಾ ಹೋದ. ಟಣ್, ಟಣ್, ಟಣ್ ಅಂತಿದ್ದದ್ದು ಹಿಂದಿನ ಚಕ್ರದ ಹತ್ತಿರ ಬಂದಾಗ ಡಬ್ ಅಂದಿತು. ಹಾಡುವವನ ಕಿವಿಗೆ ಅದು ಗೊತ್ತಾಗದೆ ಇರುತ್ತದೆಯೆ? ಬಿರುಕು ಬಿಟ್ಟ ತಾಳದ ಸದ್ದು ಅದು. ಆತ ಸ್ಕ್ರೂಡ್ರೈವರ್ ಒತ್ತಿದ. ಕಪ್ಪು ಬಣ್ಣದ ಪದರ ಹರಿದು ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಕೆಂಪು ಪುಡಿ ಉದುರಿತು. ಆಮೇಲೆ ಬ್ರೇಕ್ ಪೈಪನ್ನು ಬೆರಳಿನಲ್ಲಿ ಸವರಿ, "ಇದ್ರಲ್ಲಿ ಇಳಿದಿದ್ರೆ ಬಣ್ಣಾರಿ ತಲುಪ್ತಿರ್ಲಿಲ್ಲ ಬುಡಿ ಅಣ್ಣ" ಅಂದ.

ಹುಡುಗನ ಮುಖದಲ್ಲಿ ರಕ್ತ ಇರಲಿಲ್ಲ. ದುಡ್ಡು ಹೋದದ್ದು ಒಂದು ಕಡೆ ಇರಲಿ. 27 ತಿರುವು, ಹಿಂದೆ ಒಂದು ಟನ್ನು ಕೋಸು, ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಕೂತು ಹೋಗಬೇಕಿತ್ತು. ಚಿಕ್ಕ ಗಾಡಿಗಳಲ್ಲಿ ಬ್ರೇಕು ಹಿಡಿಯುವುದು ಪೈಪಿನೊಳಗಿನ ಆಯಿಲಿನ ಒತ್ತಡದಿಂದ. ಊರಿನ ಚಪ್ಪಟೆ ರಸ್ತೆಯಲ್ಲಿ ಮೆಲ್ಲಗೆ ಒತ್ತಿದಾಗ ಸವೆದ ಪೈಪೂ ತಡೆದುಕೊಳ್ಳುತ್ತದೆ. ಜೀವ ಹೋಗುವ ಇಳಿಜಾರಿನಲ್ಲಿ ಕಾಲು ಪೂರ್ತಿ ಊರಿ ಒತ್ತಿದಾಗಲೇ ಅದು ಒಡೆಯುವುದು. ತುಕ್ಕಿನ ಗುಣವೇ ಅಂಥದ್ದು. ಅನುಕೂಲದ ದಿನ ಸುಮ್ಮನಿದ್ದು, ನಂಬಿದ ದಿನ ಕೈ ಬಿಡುತ್ತದೆ.

ಆ ಮೆಕಾನಿಕ್ ಹೇಳಿದ ಒಂದು ಮಾತನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ: "ಹಳೇ ಗಾಡಿ ಕೆಳಗೆ ಹೊಸ ಕಪ್ಪು ಬಣ್ಣ ಕಂಡ್ರೆ ನನ್ಗೆ ಭಯ." ಉಪ್ಪನ್ನು, ತುಕ್ಕನ್ನು ತೆಗೆಯದೆ ಮೇಲೆ ಬಳಿದ ಬಣ್ಣ ಗಾಡಿಯನ್ನು ಕಾಯುವುದಿಲ್ಲ, ತುಕ್ಕನ್ನು ಕಾಯುತ್ತದೆ. ಒಳಗೆ ಸಿಕ್ಕ ತೇವ ಹೊರಗೆ ಬರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಕೀವು ತೆಗೆಯದೆ ಗಾಯದ ಮೇಲೆ ಪಟ್ಟಿ ಕಟ್ಟಿದ ಹಾಗೆ.

ಹಾಗಾದರೆ ಮಾಡುವುದೇನು? ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಗಾದೆ ಉಂಟಲ್ಲ, ಗಾಡಿಗೂ ಅದೇ ಮಾತು. ಉಪ್ಪು ತಿಂದ ಗಾಡಿಗೆ ನೀರು ಕುಡಿಸಬೇಕು. ಗೊಬ್ಬರವೋ ಉಪ್ಪೋ ಹೇರುವ ಮುಂಚೆ ಗಾಡಿಯೊಳಗೆ ಟಾರ್ಪಾಲು ಹಾಸಿದರೆ ಅರ್ಧ ಕೆಲಸ ಮುಗಿಯಿತು. ಇಳಿಸಿದ ಮೇಲೆ ಮೊದಲು ಪೊರಕೆಯಲ್ಲಿ ಗುಡಿಸಿ, ಅದೇ ದಿನ ಸಪ್ಪೆ ನೀರಿನಲ್ಲಿ ತಳ ತೊಳೆಯಬೇಕು. ಮೇಲಿನ ಬಾಡಿಗೆ ಎರಡು ಬಿಂದಿಗೆ ಕಮ್ಮಿಯಾದರೂ ಚಿಂತೆಯಿಲ್ಲ. ಮಡ್‌ಗಾರ್ಡಿನ ಒಳಮಗ್ಗುಲು, ಚಾಸಿಯ ಮೇಲ್ಭಾಗ, ಸ್ಪ್ರಿಂಗ್ ಪಟ್ಟೆಯ ಸಂದಿ, ಬಾಗಿಲಿನ ಅಡಿ, ಇಲ್ಲೆಲ್ಲ ಮಣ್ಣು ಹೆಪ್ಪುಗಟ್ಟಿರುತ್ತದೆ. ಕಡ್ಡಿ ಹಾಕಿ ಕೆದಕಿ ನೀರು ಬಿಡಬೇಕು. ಬಾಗಿಲಿನ ಅಡಿಯಲ್ಲಿ, ಚಾಸಿಯಲ್ಲಿ ನೀರು ಬಸಿಯಲು ಅಂತ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಅವು ಮುಚ್ಚಿಹೋಗಿದ್ದರೆ ಬಿಡಿಸಬೇಕು. ತೊಳೆದ ಮೇಲೆ ಬಿಸಿಲಿಗೆ ನಿಲ್ಲಿಸಬೇಕು. ವಾಟರ್ ಸರ್ವೀಸ್‌ಗೆ ಕೊಟ್ಟರೂ ಸರಿ, "ಕೆಳಗೆ ಹೊಡಿಯಪ್ಪ" ಅಂತ ಹೇಳಿ ನಿಂತು ಮಾಡಿಸಬೇಕು.

ತೊಳೆಯುವುದನ್ನು ಹಳ್ಳದಲ್ಲಿ, ಕೆರೆಯಲ್ಲಿ ಮಾಡಬಾರದು. ಗಾಡಿಯ ಆಯಿಲು, ಗೊಬ್ಬರದ ಉಪ್ಪು ಎಲ್ಲ ಆ ನೀರಿಗೆ ಸೇರುತ್ತದೆ. ನಮ್ಮ ದನವೂ ಕಾಡಿನ ಆನೆಯೂ ಕುಡಿಯುವುದು ಅದನ್ನೇ. ಹಿಮದ ದೇಶಗಳಲ್ಲೂ ರಸ್ತೆಗೆ ಹಾಕಿದ ಉಪ್ಪು ಹರಿದು ಹೋಗಿ ಕೆರೆ, ಬಾವಿಗಳು ಉಪ್ಪಾಗುತ್ತಿವೆ ಅಂತ ಅಲ್ಲಿನವರಿಗೆ ಈಗ ಚಿಂತೆ ಹತ್ತಿದೆ.

ವರ್ಷಕ್ಕೊಂದು ಸಲ, ಮಳೆ ಹಿಡಿಯುವ ಮುಂಚಿನ ಬಿಸಿಲಿನಲ್ಲಿ, ಬಣ್ಣದ ಕೆಲಸ ಮಾಡಿಸಬೇಕು. ತುಕ್ಕು ಕಂಡ ಕಡೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಆಮೇಲೆ ಉಪ್ಪುಕಾಗದದಲ್ಲಿ ಹೊಳೆಯುವ ಕಬ್ಬಿಣ ಕಾಣುವವರೆಗೂ ತಿಕ್ಕಬೇಕು. ಉಪ್ಪು ಮಾಡಿದ ಕೇಡನ್ನು ತೆಗೆಯುವುದು ಉಪ್ಪುಕಾಗದ, ಹೆಸರು ನೋಡಿ! ಮತ್ತೆ ತೊಳೆದು, ಪೂರ್ತಿ ಒಣಗಿಸಿ, ರೆಡ್ ಆಕ್ಸೈಡ್ ಅಥವಾ ಜಿಂಕ್ ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ಬಣ್ಣ ಎರಡು ಸಲ. ತಗಡು ತೂತಾಗಿದ್ದರೆ ಬಣ್ಣ ಬಳಿದು ಪ್ರಯೋಜನವಿಲ್ಲ, ಕೊಳೆತಷ್ಟನ್ನೂ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ಬ್ರೇಕ್ ಪೈಪಿಗೆ ಮಾತ್ರ ತೇಪೆ ಕೆಲಸ ಬೇಡ. ಮೈ ಗುಳಿಬಿದ್ದಿದ್ದರೆ ಹೊಸ ಪೈಪೇ ಹಾಕಿಸಬೇಕು.

ನಮ್ಮಲ್ಲಿ ಬಹಳ ಜನ ಸುಟ್ಟ ಆಯಿಲನ್ನು ಡೀಸೆಲ್ ಬೆರೆಸಿ ತಳಕ್ಕೆ ಹೊಡೆಸುತ್ತಾರೆ. ಕಾಸು ಕಮ್ಮಿ, ಕಬ್ಬಿಣಕ್ಕೆ ಸ್ವಲ್ಪ ದಿನ ನೀರು ತಾಗುವುದೂ ಇಲ್ಲ, ನಿಜ. ಆದರೆ ಆ ಆಯಿಲು ರಬ್ಬರ್ ಬುಷ್ಷುಗಳನ್ನು ಊದಿಸಿ ಕೆಡಿಸುತ್ತದೆ, ಸೈಲೆನ್ಸರ್ ಮೇಲೆ ಬಿದ್ದರೆ ಹೊಗೆಯಾಡುತ್ತದೆ, ದಾರಿಯ ಧೂಳೆಲ್ಲ ಅದಕ್ಕೇ ಅಂಟಿ ತೇವ ಹಿಡಿಯುತ್ತದೆ. ತೊಟ್ಟಿಕ್ಕಿದ್ದು ಹೊಲಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಬ್ರೇಕಿನದು. ಲೈನರ್ ಮೇಲೆ ಆಯಿಲು ಸಿಡಿದರೆ ಬ್ರೇಕು ಜಾರುತ್ತದೆ. ತುಕ್ಕಿಗೆ ಹೆದರಿ ಬ್ರೇಕನ್ನು ಕಳೆದುಕೊಂಡರೆ ಲಾಭವೇನು? ಎಣ್ಣೆಯೇ ಬೇಕು ಅನ್ನುವವರು ಹೊಸ ಗ್ರೀಸನ್ನು, ತೊಳೆದು ಒಣಗಿಸಿದ ಬೋಲ್ಟಿಗೆ, ಸಂದಿಗೆ ಕೈಯಲ್ಲೇ ಸವರಲಿ. ಬ್ರೇಕು, ರಬ್ಬರು, ಸೈಲೆನ್ಸರ್ ಹತ್ತಿರ ಹೋಗುವುದು ಬೇಡ.

ಅಕ್ಕನ ಮಗ ಆ ಗಾಡಿಯ ಚಾಸಿಗೆ ಹೊಸ ತುಂಡು ಹಾಕಿಸಿ, ಪೈಪೆಲ್ಲ ಬದಲಾಯಿಸಿ ಈಗಲೂ ಓಡಿಸುತ್ತಿದ್ದಾನೆ. ಕೊಂಡ ದುಡ್ಡಿನ ಮೇಲೆ ಸಾಲ ಇನ್ನಷ್ಟು ಬೆಳೆಯಿತು. ಮೂರು ಬೆಳೆ ಹೂವಿನ ದುಡ್ಡು ಅದಕ್ಕೇ ಹೋಯಿತು. ಬಡವ ಹಳೇ ಗಾಡಿಯನ್ನೇ ಕೊಳ್ಳಬೇಕು, ಬೇರೆ ದಾರಿಯಿಲ್ಲ. ಆದ್ದರಿಂದ ಕೊಳ್ಳುವ ಮುಂಚೆ ಕೆಳಗೆ ಮಲಗಿ ತಟ್ಟಿ ನೋಡುವುದನ್ನಾದರೂ ಕಲಿತುಕೊಳ್ಳೋಣ. ಅದಕ್ಕೆ ಕಾಸು ಬೇಡ, ಕಿವಿ ಇದ್ದರೆ ಸಾಕು.

ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಾಲ್ಕು ಲೋಟ, ನಾಲ್ಕು ಹೊಸ ಮೊಳೆ ತೆಗೆದುಕೊಳ್ಳಿ. ಒಂದು ಲೋಟದಲ್ಲಿ ಬರೀ ಮೊಳೆ, ಒಂದರಲ್ಲಿ ಸಪ್ಪೆ ನೀರು, ಒಂದರಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಪೊಟ್ಯಾಷ್ ಕದಡಿದ ನೀರು. ಮೊಳೆ ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ ಇರಲಿ. ಎಂಟು ದಿನ ಕಿಟಕಿಯಲ್ಲಿಟ್ಟು ಮಕ್ಕಳಿಗೆ ದಿನಾ ತೋರಿಸಿ, ಬರೆದಿಡಲು ಹೇಳಿ. ಪೊಟ್ಯಾಷ್ ಲೋಟವನ್ನು ದೊಡ್ಡವರೇ ಮುಟ್ಟಬೇಕು, ಕೊನೆಗೆ ಆ ನೀರನ್ನು ಬಾಳೆ ಬುಡಕ್ಕೆ ಚೆಲ್ಲಿದರಾಯಿತು. ಗೊಬ್ಬರ ಹೊಡೆದ ಗಾಡಿಯನ್ನು ಅಪ್ಪ ತೊಳೆಯದೆ ಮಲಗಲು ಹೊರಟರೆ, ಆ ಮಕ್ಕಳೇ ಬಿಂದಿಗೆ ಹಿಡಿದು ಎದುರು ನಿಲ್ಲುತ್ತಾರೆ.